2400 ಆರ್‌ಪಿಎಂನಲ್ಲಿ ಟೈಮಿಂಗ್ ಬೀಳುತ್ತಿದೆ, ನಾಕ್ ಸೆನ್ಸರ್ ಹೋಗಿದೆಯಾ?

ಪ್ರಶ್ನೆ

ನಮಸ್ಕಾರ. ನನ್ನದು 1.6 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ. ಒಂದು ತಿಂಗಳಿಂದ ಪಿಕಪ್ ತುಂಬಾ ಕಮ್ಮಿಯಾಗಿದೆ. ಸ್ಕ್ಯಾನರ್ ಹಾಕಿ ನೋಡಿದರೆ 2400 ಆರ್‌ಪಿಎಂ ಹತ್ತಿರ ಬಂದ ತಕ್ಷಣ ಇಗ್ನಿಷನ್ ಟೈಮಿಂಗ್ (ಪಿಸ್ಟನ್ ಮೇಲಿನ ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಪ್ಲಗ್ ಕಿಡಿ ಹಾರಿಸುತ್ತದೆ ಅನ್ನೋದು) 30 ಡಿಗ್ರಿಯಿಂದ 20ಕ್ಕೆ ಬೀಳುತ್ತದೆ, ಆಮೇಲೆ ನಿಧಾನಕ್ಕೆ ಮೇಲೇರುತ್ತದೆ. ಫಾಲ್ಟ್ ಕೋಡ್ ಒಂದೂ ಇಲ್ಲ. ಕಿವಿಗೆ ನಾಕಿಂಗ್ (ಸಿಲಿಂಡರ್ ಒಳಗೆ ಇಂಧನ ತಾನಾಗೇ ಸಿಡಿಯುವ) ಶಬ್ದವೂ ಕೇಳುವುದಿಲ್ಲ. ಪ್ಲಗ್, ಏರ್ ಫಿಲ್ಟರ್ ಎರಡೂ ಹೊಸವು. ಸೆನ್ಸರ್‌ನ ಕನೆಕ್ಟರ್ ತೆಗೆದು ಓಡಿಸಿ ನೋಡಲಾ?

ಉತ್ತರ

ದಯವಿಟ್ಟು ತೆಗೆಯಬೇಡಿ. ಕನೆಕ್ಟರ್ ತೆಗೆದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪಿ0325 ತರಹದ ನಾಕ್ ಸೆನ್ಸರ್ ಫಾಲ್ಟ್ ಕೋಡ್ ಹಾಕಿ, ಎಂಜಿನ್ ಉಳಿಸೋಕೆ ಟೈಮಿಂಗನ್ನು ಹಿಂದಕ್ಕೇ ಇಟ್ಟುಬಿಡುತ್ತದೆ, ಅಂದರೆ ಕಿಡಿ ತಡವಾಗುತ್ತದೆ. ಪಿಕಪ್ ಇನ್ನೂ ಹಾಳಾಗುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ.

ನನಗೆ ಸೆನ್ಸರ್ ಚೆನ್ನಾಗೇ ಇದೆ ಅನ್ನಿಸುತ್ತದೆ. ಅದರ ಒಳಗೆ ಒಂದು ಪೀಜೋ ಹರಳು ಇರುತ್ತದೆ, ಬ್ಲಾಕ್ ನಡುಗಿದರೆ ವೋಲ್ಟೇಜ್ ಕೊಡುತ್ತದೆ, ಅಷ್ಟೇ ಅದರ ಕೆಲಸ. ನಡುಕ ಎಲ್ಲಿಂದ ಬಂತು ಅಂತ ಅದಕ್ಕೆ ಗೊತ್ತಿಲ್ಲ. ತೀರ್ಮಾನ ಮಾಡುವುದು ಇಸಿಯು. ನಿಜವಾದ ನಾಕಿಂಗ್ ಆದಾಗ ಸಿಲಿಂಡರ್ ಒಳಗಿನ ಗ್ಯಾಸ್ ಗಂಟೆ ಹೊಡೆದ ಹಾಗೆ ಮೊಳಗುತ್ತದೆ, 80-90 ಮಿ.ಮೀ. ಬೋರ್ (ಸಿಲಿಂಡರ್ ಒಳ ಅಗಲ) ಇದ್ದರೆ ಸುಮಾರು 6-7 ಕಿಲೋಹರ್ಟ್ಸ್‌ನಲ್ಲಿ. ಇಸಿಯು ಆ ಪಟ್ಟಿಯನ್ನು ಮಾತ್ರ ಸೋಸಿ ತೆಗೆದು, ಅದೂ ಪಿಸ್ಟನ್ ಮೇಲಿನ ತುದಿ ದಾಟಿ ಕೆಳಗಿಳಿಯುವ ಸ್ವಲ್ಪ ಹೊತ್ತು ಮಾತ್ರ ಕೇಳಿಸಿಕೊಂಡು, ಮಾಮೂಲಿ ಸದ್ದಿನ ಜೊತೆ ಹೋಲಿಸುತ್ತದೆ. ಅದಕ್ಕಿಂತ ಜಾಸ್ತಿ ಬಂತು ಅಂದರೆ ತಕ್ಷಣ ಕೆಲವು ಡಿಗ್ರಿ ಹಿಂದಕ್ಕೆ ಎಳೆಯುತ್ತದೆ, ನಾಕ್ ನಿಂತ ಮೇಲೆ ಚೂರುಚೂರೇ ವಾಪಸ್ ಕೊಡುತ್ತದೆ. ನೀವು ನೋಡಿದ ದಿಢೀರ್ ಇಳಿತ, ನಿಧಾನದ ಏರಿಕೆ ಇದೇ.

ಹಾಗಾಗಿ ಅದು ಏನನ್ನು ಕೇಳಿಸಿಕೊಳ್ಳುತ್ತಿದೆ ಅಂತ ಮೊದಲು ಹುಡುಕಬೇಕು. ಆಕ್ಸಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಬೀಳುತ್ತದಾ, ಸುಮ್ನೆ ಹಗುರವಾಗಿ ಹೋಗುವಾಗಲೂ ಬೀಳುತ್ತದಾ? ಲೋಡ್, ಆರ್‌ಪಿಎಂ, ಒಳಬರುವ ಗಾಳಿಯ ಬಿಸಿ, ಟೈಮಿಂಗ್ ನಾಲ್ಕನ್ನೂ ಒಟ್ಟಿಗೆ ಲಾಗ್ ಮಾಡಿ ನೋಡಿ.

ಇನ್ನೊಬ್ಬರು

ಜಾಸ್ತಿ ಆಕ್ಟೇನ್ ಪೆಟ್ರೋಲ್ ಹಾಕಿ ನೋಡಿ ಸರ್, ನನಗೆ ಸರಿಹೋಯ್ತು.

ಪ್ರಶ್ನೆ ಕೇಳಿದವರು

ಎರಡು ಟ್ಯಾಂಕ್ ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಲಾಗ್ ಕೂಡ ಮಾಡಿದೆ. ಲೋಡ್ ಕಮ್ಮಿ ಇದ್ದರೂ ಬೀಳುತ್ತದೆ, ಬೆಳಿಗ್ಗೆ ಎಂಜಿನ್ ತಣ್ಣಗಿದ್ದರೂ ಬೀಳುತ್ತದೆ, ಯಾವ ಗೇರ್ ಇದ್ದರೂ 2350ರಿಂದ 2500ರ ಒಳಗೇ.

ಉತ್ತರ

ಇದು ನಾಕಿಂಗ್ ಅಲ್ಲ, ಖಂಡಿತ. ನಿಜವಾದ ನಾಕ್ ಲೋಡ್ ಮತ್ತು ಬಿಸಿಯ ಜೊತೆ ಜಾಸ್ತಿ ಆಗುತ್ತದೆ, ಆಕ್ಟೇನ್ ಏರಿಸಿದರೆ ಕಮ್ಮಿ ಆಗುತ್ತದೆ. ನಿಮ್ಮದು ಇವು ಯಾವುದಕ್ಕೂ ಜಗ್ಗುತ್ತಿಲ್ಲ, ಆರ್‌ಪಿಎಂ ಒಂದನ್ನೇ ಹಿಡಿದು ಕೂತಿದೆ. ಯಾವುದೋ ಸಡಿಲ ಭಾಗ ಆ ವೇಗಕ್ಕೆ ಸರಿಯಾಗಿ ನಡುಗಿ ಬ್ಲಾಕ್‌ಗೆ ಬಡಿಯುತ್ತಿರಬೇಕು. 2400 ಅಂದರೆ ಸೆಕೆಂಡಿಗೆ 40 ಸುತ್ತು ಮಾತ್ರ, ಇದು 6 ಕಿಲೋಹರ್ಟ್ಸ್ ಹೇಗಾಗುತ್ತದೆ ಅಂತ ಅನ್ನಿಸಬಹುದು. ಆದರೆ ಲೋಹಕ್ಕೆ ಲೋಹ ತಾಗಿದಾಗ ಪ್ರತಿ ಏಟಿಗೂ ಕೀರಲು ಸದ್ದು ಹುಟ್ಟುತ್ತದೆ ಅಲ್ವಾ, ಅದು ಆ ಪಟ್ಟಿಯೊಳಗೂ ನುಗ್ಗುತ್ತದೆ. ಹೀಟ್ ಶೀಲ್ಡ್, ಆಲ್ಟರ್ನೇಟರ್ ಬ್ರ್ಯಾಕೆಟ್, ಬ್ಲಾಕ್‌ಗೆ ಕಟ್ಟಿದ ಪೈಪ್ ಕ್ಲಾಂಪ್, ಎಲ್ಲವನ್ನೂ ಕೈಯಿಂದ ಅಲುಗಾಡಿಸಿ ನೋಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ.

ಪ್ರಶ್ನೆ ಕೇಳಿದವರು

ಸಿಕ್ಕಿತು! ಎಕ್ಸಾಸ್ಟ್ ಹೀಟ್ ಶೀಲ್ಡ್‌ನ ಒಂದು ಬೋಲ್ಟ್ ಇಲ್ಲವೇ ಇಲ್ಲ, ಒಂದು ತಿಂಗಳ ಹಿಂದೆ ಗ್ಯಾಸ್ಕೆಟ್ ಹಾಕಿಸಿದಾಗ ಬಿಟ್ಟುಹೋಗಿದೆ. ಹೊಸ ಬೋಲ್ಟ್ ಹಾಕಿದೆ. ಆ ಇಳಿತ ಹೋಯ್ತು, ಆದರೆ ಪಿಕಪ್ ಪೂರ್ತಿ ಬಂದಿಲ್ಲ.

ಉತ್ತರ

ಕೆಲವು ಇಸಿಯುಗಳು ಪದೇಪದೇ ನಾಕ್ ಕಂಡ ಜಾಗವನ್ನು ನೆನಪಿಟ್ಟುಕೊಂಡು ಅಲ್ಲಿ ಮೊದಲೇ ಟೈಮಿಂಗ್ ಕಮ್ಮಿ ಇಡುತ್ತವೆ. ಅದು ಅಳಿಯೋಕೆ ಬೇರೆಬೇರೆ ಲೋಡ್‌ನಲ್ಲಿ ಸ್ವಲ್ಪ ಓಡಿಸಬೇಕು, ಇಲ್ಲವಾದರೆ ಸ್ಕ್ಯಾನರ್‌ನಲ್ಲಿ ಅಡಾಪ್ಟೇಷನ್ ರೀಸೆಟ್ ಇದ್ದರೆ ಮಾಡಿ. ಹಾಗೆಯೇ ಸೆನ್ಸರ್ ಬೋಲ್ಟನ್ನೂ ಟಾರ್ಕ್ ವ್ರೆಂಚ್‌ನಲ್ಲಿ ನೋಡಿ. ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ನಿಮ್ಮ ಎಂಜಿನ್ ಮ್ಯಾನುಯಲ್ ಹೇಳಿದ್ದೇ ಅಂತಿಮ. ಸೆನ್ಸರ್ ಕೆಳಗೆ ವಾಷರ್ ಇದ್ದರೆ ತೆಗೆದುಹಾಕಿ, ಅದರಿಂದ ಸೆನ್ಸರ್‌ಗೆ ನಡುಕ ಸರಿಯಾಗಿ ತಲುಪುವುದಿಲ್ಲ.

ಪ್ರಶ್ನೆ ಕೇಳಿದವರು

ನಾಲ್ಕು ದಿನ ಓಡಿಸಿದೆ. 2400ರಲ್ಲಿ ಈಗ 31 ಡಿಗ್ರಿ, ಪಿಕಪ್ ಮೊದಲಿನ ಹಾಗೇ ಬಂದಿದೆ. ಸೆನ್ಸರ್ ಬೋಲ್ಟ್ ಸರಿಯಾಗೇ ಇತ್ತು, ವಾಷರ್ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.