ಕೊಪ್ಪಳದ ಪಿನ್‌ಕೋಡ್ 583231 ಅವಿಭಾಜ್ಯ ಸಂಖ್ಯೆ ಏನ್ರಿ?

ಕುಷ್ಟಗಿ ಓದುಗ:
ಪರೀಕ್ಷೆ ತಯಾರಿಗೆ ನಮ್ಮ ಕಡೆ ಪಿನ್‌ಕೋಡ್‌ಗಳನ್ನೇ ಸಂಖ್ಯೆ ಅಂತ ಹಿಡಿದು ಅಪವರ್ತಿಸ್ತಿದ್ದೀವ್ರಿ. ಬಳ್ಳಾರಿಯ 583101 ಅಂಕಿ ಕೂಡಿಸಿದ್ರ 18, ಹಂಗಾಗಿ 9ಕ್ಕ ಹೋಗ್ತೈತಿ. ಕೊಪ್ಪಳದ 583231 ಮಾತ್ರ 2, 3, 5, 7 ಯಾವುದಕ್ಕೂ ಹೋಗವಲ್ದು. ವರ್ಗಮೂಲ ಸುಮಾರು 763.7. ಅಲ್ಲೀತನಕ ಅವಿಭಾಜ್ಯಗಳು 135 ಅದಾವ. ಅಷ್ಟಕ್ಕೂ ಭಾಗಿಸಿ ನೋಡಬೇಕೇನ್ರಿ? ಕ್ಯಾಲ್ಕುಲೇಟರ್ ಇರಂಗಿಲ್ಲ.

ಗಂಗಾವತಿ ಗಣಿತ:
ಬ್ಯಾಡ್ರಿ. 7×11×13 = 1001. ಅದಕ್ಕ ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿ ಕಳೀರಿ: 583 − 231 = 352. ಇದನ್ನ 7ರಿಂದ ಭಾಗಿಸಿದ್ರ ಶೇಷ 2, 13ರಿಂದ ಶೇಷ 1. ಆದ್ರ 352 = 11×32, ಅಂದ್ರ ಮೂಲ ಸಂಖ್ಯೆನೂ 11ಕ್ಕ ಹೋಗ್ತೈತಿ. ಅವಿಭಾಜ್ಯ ಅನ್ನೋ ಮಾತು ಇಲ್ಲಿಗೇ ಮುಗೀತು.

ಅವೇ ತುಂಡುಗಳನ್ನ ಕೂಡಿಸ್ರಿ: 583 + 231 = 814 = 37×22. 999 = 27×37 ಆಗಿರೋದ್ರಿಂದ 37ರ ಪರೀಕ್ಷೆಗೆ ಈ ಮೊತ್ತ ಸಾಕು.

583231 ÷ 11 = 53021
53021 ÷ 37 = 1433

ಬಹಳ ಮಂದಿ ಎಡವೋದು ಇಲ್ಲೇ. ಭಾಜಕ ಸಿಕ್ಕ ಮ್ಯಾಲೂ 763ರ ತನಕ ಹೋಗ್ತಾರ. ಪ್ರತಿ ಸಲ ಮಿತಿ ಹೊಸ ಭಾಗಲಬ್ಧದ ವರ್ಗಮೂಲಕ್ಕ ಇಳೀಬೇಕು. 1433ರದ್ದು 37.8, ಹಂಗಾಗಿ 37ರ ತನಕ ನೋಡಿದ್ರ ಸಾಕು. 17, 19, 23, 29, 31ಕ್ಕ ಶೇಷ 5, 8, 7, 12, 7. ಒಮ್ಮೆ ಹೋದ 11, 37ನ್ನೂ ಮತ್ತೊಮ್ಮೆ ನೋಡ್ರಿ, ಬಿಟ್ರ ಘಾತ ತಪ್ಪುತ್ತೈತಿ. ಇಲ್ಲಿ ಶೇಷ 3 ಮತ್ತು 27. ಹಂಗಾಗಿ 583231 = 11×37×1433.

ರಾಯಚೂರು ಅಂಕಿ:
ಈ ಉಪಾಯದಿಂದ ಎಲ್ಲಾ ಕಡೆ ಕೆಲಸ ಮುಗಿಯುವುದಿಲ್ಲ. ನಮ್ಮ 584101 ನೋಡಿ. 584 − 101 = 483 = 7×69, ಭಾಗಲಬ್ಧ 83443. ಅದರ ಮಿತಿ 288, ನಡುವೆ ಏನೂ ಸಿಗುವುದಿಲ್ಲ, ಕೊನೆಗೆ 83443 ಅವಿಭಾಜ್ಯವೇ. ಸಣ್ಣ ಭಾಜಕ ಬೇಗ ಸಿಕ್ಕಿತೆಂದು ಉಳಿದದ್ದೂ ಸುಲಭ ಎಂದುಕೊಳ್ಳಬೇಡಿ.

ಕುಷ್ಟಗಿ ಓದುಗ:
ತಿಳೀತ್ರಿ. 583231ರ ಭಾಜಕಗಳ ಸಂಖ್ಯೆ, ಮೊತ್ತ ಹೆಂಗ? ಎರಡು ವರ್ಗಗಳ ಮೊತ್ತ ಆಗ್ತೈತೇನು?

ರಾಯಚೂರು ಅಂಕಿ:
ಮೂರೂ ಅಪವರ್ತನಗಳ ಘಾತ 1, ಆದ್ದರಿಂದ ಭಾಜಕಗಳು 2×2×2 = 8: 1, 11, 37, 407, 1433, 15763, 53021, 583231. ಮೊತ್ತ 12×38×1434 = 653904. ಪ್ರಶ್ನೆಯಲ್ಲಿ ‘ತನ್ನನ್ನು ಬಿಟ್ಟು’ ಎಂದಿದ್ದರೆ 583231 ಕಳೆಯಿರಿ, 70673 ಉಳಿಯುತ್ತದೆ.

ವರ್ಗಗಳ ವಿಷಯದಲ್ಲಿ ಈ ಸಂಖ್ಯೆ ನಿಜಕ್ಕೂ ಚೆಂದ. 1000ವು 8ಕ್ಕೆ ಹೋಗುವುದರಿಂದ ಕೊನೆಯ ಮೂರಂಕಿ ನೋಡಿದರೆ ಸಾಕು: 231 ÷ 8, ಶೇಷ 7. ಯಾವುದೇ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ. ಇವುಗಳಲ್ಲಿ ಮೂರನ್ನು ಹೇಗೆ ಕೂಡಿಸಿದರೂ ಶೇಷ 7 ಬರುವುದಿಲ್ಲ. ಅಂದರೆ ಎರಡಷ್ಟೇ ಅಲ್ಲ, ಮೂರು ವರ್ಗಗಳೂ ಸಾಲವು. ನಾಲ್ಕಿದ್ದರೆ ಯಾವ ಧನಪೂರ್ಣಾಂಕಕ್ಕಾದರೂ ಸಾಕೆಂದು ಲಗ್ರಾಂಜ್ 1770ರಲ್ಲಿ ಸಾಧಿಸಿದ. 763² = 582169 ಕಳೆದರೆ 1062; ಅದರಲ್ಲಿ 31² = 961 ಕಳೆದರೆ 101, ಅಂದರೆ 10² + 1².

583231 = 763² + 31² + 10² + 1²