ಕೃತಕ ಬುದ್ಧಿಮತ್ತೆಯ ಲಾಭ ಯಾರ ಕೈ ಸೇರುತ್ತದೆ?

ಪ್ರಶ್ನೆ: ತುಮಕೂರಿನ ಓದುಗ

ನನ್ನ ತಂಗಿ ಬೆಂಗಳೂರಿನ ಒಂದು ಗ್ರಾಹಕ ಸೇವಾ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಕರೆ ಮಾಡಿದವರು ಮಾತು ಮುಗಿಸುವ ಮೊದಲೇ ಅವಳ ಪರದೆಯ ಬಲಬದಿಯಲ್ಲಿ ಹೇಳಬೇಕಾದ ಉತ್ತರ ಮೂಡುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದರಿಂದ ಅವಳಿಗೆ ಬಹಳ ಅನುಕೂಲವಾಯಿತು; ಆದರೆ ಆರು ತಿಂಗಳೊಳಗೆ ದಿನಕ್ಕೆ 60 ಇದ್ದ ಕರೆಗಳ ಗುರಿ 85ಕ್ಕೆ ಏರಿತು, ಸಂಬಳ ಮಾತ್ರ ಇದ್ದಲ್ಲೇ ಇದೆ. ಈ ತಂತ್ರಜ್ಞಾನದಿಂದ ದೇಶದ ಉತ್ಪಾದನೆಯೂ ಜನರ ಬದುಕೂ ಸುಧಾರಿಸುತ್ತವೆ ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಅರ್ಥಶಾಸ್ತ್ರ ಉಪನ್ಯಾಸಕಿ

ನಿಮ್ಮ ತಂಗಿಯವರ ಅನುಭವಕ್ಕೆ ಅಧ್ಯಯನದ ಆಧಾರವೂ ಇದೆ. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ನೌಕರರ ಕೆಲಸವನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಕೃತಕ ಬುದ್ಧಿಮತ್ತೆಯ ಇಂಥದೇ ನೆರವಿನಿಂದ ಒಬ್ಬರು ಗಂಟೆಗೆ ಬಗೆಹರಿಸುವ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇ. 14ರಷ್ಟು, ಹೊಸಬರಲ್ಲಿ ಶೇ. 34ರಷ್ಟು ಹೆಚ್ಚಿತು, ನುರಿತವರಿಗೆ ಆದ ಪ್ರಯೋಜನ ಅತ್ಯಲ್ಪ. ನುರಿತವರ ಮಾತಿನ ಜಾಣ್ಮೆಯನ್ನೇ ಯಂತ್ರವು ಕಲಿತು ಹೊಸಬರಿಗೆ ದಾಟಿಸಿತ್ತು. ಆ ಜಾಣ್ಮೆಗೆ ಪ್ರತಿಫಲ ಸಲ್ಲಬೇಕಲ್ಲವೇ ಎಂಬುದು ನನ್ನನ್ನು ಬಹಳ ಕಾಡಿದ ಪ್ರಶ್ನೆ.

ಇಡೀ ಅರ್ಥವ್ಯವಸ್ಥೆಯ ಲೆಕ್ಕದಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ಕೃತಕ ಬುದ್ಧಿಮತ್ತೆಯಿಂದ ಜಗತ್ತಿನ ಜಿಡಿಪಿ ಹತ್ತು ವರ್ಷಗಳಲ್ಲಿ ಶೇ. 7ರಷ್ಟು ಹೆಚ್ಚಬಹುದೆಂದು ಅಮೆರಿಕದ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ 2023ರಲ್ಲಿ ಹೇಳಿತು. ಅಷ್ಟೇ ಅವಧಿಯಲ್ಲಿ ಲಾಭದಾಯಕವಾಗಿ ಯಂತ್ರಕ್ಕೆ ಒಪ್ಪಿಸಬಲ್ಲ ಕೆಲಸಗಳು ಸುಮಾರು ಶೇ. 5 ಮಾತ್ರ ಎಂದು ಗಣಿಸಿದ ಅರ್ಥಶಾಸ್ತ್ರಜ್ಞ ಡರೋನ್ ಅಸೆಮೊಗ್ಲು, ಅಮೆರಿಕದ ಉತ್ಪಾದಕತೆಯ ಒಟ್ಟು ಏರಿಕೆ ಶೇ. 0.7ನ್ನೂ ಮುಟ್ಟದೆಂದು 2024ರಲ್ಲಿ ಅಂದಾಜಿಸಿದರು. ನನಗೆ ಎರಡನೆಯ ಲೆಕ್ಕವೇ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

ಉತ್ತರ: ಮಳವಳ್ಳಿಯಿಂದ

ನಮ್ಮ ಪಕ್ಕದ ಶಿವನಸಮುದ್ರವನ್ನೇ ನೋಡಿ. 1902ರಲ್ಲಿ ಅಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು 1905ರಲ್ಲಿ. ನಮ್ಮ ಅಜ್ಜಿ ಮಾತ್ರ ಮದುವೆಯಾಗಿ ಬಂದ ಮೇಲೂ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲೇ ರಾಗಿ ಬೀಸುತ್ತಿದ್ದರು. ವಿದ್ಯುತ್ತಿನ ಪ್ರಯೋಜನ ಸುಳ್ಳಾಗಿರಲಿಲ್ಲ, ತಂತಿ ಯಾರ ಮನೆಗೆ ಎಂಬುದನ್ನು ತೀರ್ಮಾನಿಸಿದವರು ಬೇರೆಯವರಾಗಿದ್ದರು.

ಸ್ವೀಡನ್ನಿನಲ್ಲಿ 80 ಸಾವಿರ ಮಹಿಳೆಯರ ಸ್ತನ ಕ್ಯಾನ್ಸರ್ ತಪಾಸಣೆಯ ಒಂದು ಅಧ್ಯಯನದಲ್ಲಿ, ಅರ್ಧದಷ್ಟು ಮಹಿಳೆಯರ ತಪಾಸಣೆಗೆ ಕೃತಕ ಬುದ್ಧಿಮತ್ತೆಯ ನೆರವು ಪಡೆದಾಗ, ವೈದ್ಯರು ಎಕ್ಸ್‌ರೇ ಚಿತ್ರಗಳನ್ನು ಓದುವ ಹೊರೆ ಶೇ. 44ರಷ್ಟು ತಗ್ಗಿತು. ಅಲ್ಲಿ ನಿಗದಿತ ವಯಸ್ಸಿನ ಮಹಿಳೆಯರನ್ನೆಲ್ಲ ತಪಾಸಣೆಗೆ ಕರೆಯುವ ವ್ಯವಸ್ಥೆ ಮೊದಲೇ ಇತ್ತು. ಆ ಎಕ್ಸ್‌ರೇ ಯಂತ್ರವೇ ಇಲ್ಲದ ಆಸ್ಪತ್ರೆಯಲ್ಲಿ ಓದಲು ಚಿತ್ರವೇ ಇರುವುದಿಲ್ಲ.

ತುಮಕೂರಿನ ಓದುಗ

ಇಬ್ಬರಿಗೂ ಧನ್ಯವಾದಗಳು. ತಂಗಿಗೆ ಎಲ್ಲವನ್ನೂ ಓದಿ ಹೇಳಿದೆ. ಹೆಚ್ಚಿದ 25 ಕರೆಗಳ ಲೆಕ್ಕವನ್ನು ತಿಂಗಳುವಾರು ಬರೆದುಕೊಂಡು ಸಂಬಳ ಪರಿಷ್ಕರಣೆಯ ಸಭೆಗೆ ಹೋಗುವುದಾಗಿ ಹೇಳಿದ್ದಾಳೆ. ಮೇಡಂ, ಗಂಟೆಗೆ ಬಗೆಹರಿದ ಸಮಸ್ಯೆಗಳು ಎಂಬ ಅಳತೆಯನ್ನೇ ಅವಳೂ ಅಲ್ಲಿ ಮುಂದಿಡಬಹುದೇ?