ಬಾಗಲಕೋಟೆಯಿಂದ ಬೆಳಗಾವಿಗೆ ತಿಂಗಳಿಗೆ ಎರಡು ಸಲ ಓಡಾಟ: ಐದು ಜನರ ಮನೆಗೆ ಯಾವ ಸೆಡಾನ್?

ನವನಗರದ ಮಾಸ್ತರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ನವನಗರದಲ್ಲಿರುವ ಶಿಕ್ಷಕ. ಹನ್ನೊಂದು ವರ್ಷ ಓಡಿಸಿದ ಸಣ್ಣ ಕಾರನ್ನು ಕೊಟ್ಟು ಸೆಡಾನ್ ಕೊಳ್ಳಬೇಕೆಂದಿದ್ದೇನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು ಮಂಡಿನೋವಿರುವ ಎಪ್ಪತ್ತೆರಡು ವರ್ಷದ ಅವ್ವ ಇದ್ದೇವೆ. ಅವ್ವನ ಚಿಕಿತ್ಸೆಗೆಂದು ತಿಂಗಳಿಗೆ ಎರಡು ಸಲ ಕಲಾದಗಿ, ಲೋಕಾಪುರ, ಯರಗಟ್ಟಿ ಮಾರ್ಗವಾಗಿ ಬೆಳಗಾವಿಗೆ ಹೋಗಿ ಬರುತ್ತೇವೆ. ಉಳಿದದ್ದು ಊರೊಳಗಿನ ಓಡಾಟ; ಎಲ್ಲ ಸೇರಿ ವರ್ಷಕ್ಕೆ 10,000 ಕಿ.ಮೀ. ದಾಟುವುದಿಲ್ಲ.

ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ ಈ ಮೂರರ ನಡುವೆ ತೀರ್ಮಾನಕ್ಕೆ ಬರಲಾಗುತ್ತಿಲ್ಲ. ಹಂಪ್‌ಗಳಿಗೆ ತಳ ತಾಕುತ್ತದೆಯೇ, ಗಾಳಿಯನ್ನು ಒತ್ತಿ ತುಂಬಿ ಹೆಚ್ಚು ಎಳೆತ ಕೊಡುವ ಟರ್ಬೊ ಎಂಜಿನ್ನಿಗೆ ಹೆಚ್ಚು ಹಣ ಕೊಡುವುದು ಸಾರ್ಥಕವೇ, ವಯಸ್ಸಾದವರಿಗೆ ಯಾವುದರಲ್ಲಿ ಹತ್ತಿ ಇಳಿಯುವುದು ಸುಲಭ ಎಂಬುದನ್ನು ಓಡಿಸಿದವರಿಂದಲೇ ತಿಳಿಯುವ ಆಸೆ. ಎಸ್‌ಯುವಿ ಬೇಡವೆಂದು ಮನೆಯಲ್ಲಿ ಈಗಾಗಲೇ ತೀರ್ಮಾನವಾಗಿದೆ. ಭಾವಮೈದುನನೊಂದಿಗೆ ಆ ವಾದ ಸಾಕಷ್ಟು ನಡೆದಿದೆ.

ಕೆಎ 28 ಗುಮ್ಮಟ:

ಮಾಸ್ತರರೇ, ವಿಜಯಪುರದಲ್ಲಿ 2021ರಿಂದ ಸಿಟಿ ಓಡಿಸುತ್ತಿದ್ದೇನೆ, 1.5 ಲೀಟರಿನ ಪೆಟ್ರೋಲ್, ಮ್ಯಾನುವಲ್ ಗೇರು. ಹಿಂದಿನ ಸೀಟಿನ ವಿಷಯದಲ್ಲಿ ನನಗೆ ಒಂದು ದೂರೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗಲೂ ಹಿಂದಿನ ಎಸಿ ಕಿಂಡಿಗಳಿಂದಾಗಿ ಹಿರಿಯರು ನೆಮ್ಮದಿಯಾಗಿ ಕುಳಿತಿರುತ್ತಾರೆ. ಬಣ್ಣ ಮಾತ್ರ ಬಿಳಿಯದೋ ಬೆಳ್ಳಿಯದೋ ತೆಗೆದುಕೊಳ್ಳಿ. ಕಪ್ಪು ಕಾರು ಕೊಂಡ ನಮ್ಮ ಓಣಿಯ ಒಬ್ಬರು ಈಗ ನೆರಳು ಹುಡುಕಿಯೇ ಗಾಡಿ ನಿಲ್ಲಿಸುತ್ತಾರೆ.

ತಳದ ಮಾತಿಗೆ ಬಂದರೆ, ಸಿಟಿಯ ನೆಲದಂತರ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಎತ್ತರ) 165 ಮಿ.ಮೀ. ಕಾಗದದ ಮೇಲಿನ ಈ ಲೆಕ್ಕ ಖಾಲಿ ಗಾಡಿಯದು. ಐದು ಜನ ಕುಳಿತು ಡಿಕ್ಕಿಯಲ್ಲಿ ಜೋಳದ ಚೀಲ ಇಟ್ಟರೆ ಹಿಂಭಾಗ ತಗ್ಗುತ್ತದೆ, ಆಗ ಊರವರೇ ಹಾಕಿಕೊಂಡ ಚೂಪಾದ ಹಂಪ್‌ಗಳನ್ನು ಓರೆಯಾಗಿ, ತೀರ ನಿಧಾನವಾಗಿ ದಾಟಬೇಕು. ನನಗೆ ಈವರೆಗೆ ನಾಲ್ಕೈದು ಸಲ ತಳ ಸವರಿದೆ, ಹಾನಿಯಾಗಿಲ್ಲ. ಎರೆಭೂಮಿಯ ಮೇಲಿನ ರಸ್ತೆಗಳು ಮಳೆಗೆ ಉಬ್ಬಿ ಬಿಸಿಲಿಗೆ ಕುಸಿದು ಅಲೆಅಲೆಯಾಗಿರುವಲ್ಲಿ ವೇಗ ಇಳಿಸಿದರೆ ಸಾಕು.

ಕುಂದಾನಗರಿ ಚಾಲಕ:

ನಾನು ಬೆಳಗಾವಿಯವನು, 1 ಲೀಟರಿನ ಟರ್ಬೊ ಸ್ಲಾವಿಯಾ ಓಡಿಸುತ್ತೇನೆ. ತಮ್ಮ ಮಾರ್ಗ ನನಗೆ ಚೆನ್ನಾಗಿ ಗೊತ್ತಿರುವುದರಿಂದ ಟರ್ಬೊದ ಬಗ್ಗೆಯೇ ಬರೆಯುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರನ್ನು ದಾಟಬೇಕಾದಾಗ, ಗಾಡಿಯಲ್ಲಿ ಐದು ಜನರಿದ್ದು ಎಸಿಯೂ ಓಡುತ್ತಿರುವಾಗ, ಎಂಜಿನ್ನಿನ ಗರಿಷ್ಠ ಅಶ್ವಶಕ್ತಿಗಿಂತ ಅದರ ಎಳೆತ ಎಷ್ಟು ಬೇಗ ಕೈಗೆ ಸಿಗುತ್ತದೆ ಎಂಬುದು ಮುಖ್ಯವಾಗುತ್ತದೆ. ಸ್ಲಾವಿಯಾದ 178 ಎನ್‌ಎಂ ಟಾರ್ಕ್ (ಎಂಜಿನ್ನಿನ ಎಳೆತದ ಅಳತೆ) 1,750 ಆರ್‌ಪಿಎಮ್‌ಗೇ, ಅಂದರೆ ಎಂಜಿನ್ ನಿಮಿಷಕ್ಕೆ 1,750 ಸುತ್ತು ತಿರುಗುವಾಗಲೇ, ದೊರೆಯುತ್ತದೆ. ಸಿಟಿಯ 145 ಎನ್‌ಎಂ ಪೂರ್ತಿ ಸಿಗಬೇಕಾದರೆ 4,300ರವರೆಗೆ ಏರಿಸಬೇಕು, ಅಂದರೆ ಮೂರನೆಯ ಗೇರಿಗೆ ಇಳಿಯಲೇಬೇಕು. ಇಳಿಸುವ ಅಭ್ಯಾಸವಿದ್ದವರಿಗೆ ಅದೇನೂ ಕಷ್ಟವಲ್ಲ. ಊರೊಳಗೆ ಮಾತ್ರ ಲೆಕ್ಕ ತಿರುವುಮುರುವು: ನನ್ನ ಮೂರು ಸಿಲಿಂಡರಿನ ಎಂಜಿನ್ ಕಡಿಮೆ ವೇಗದಲ್ಲಿ ಸ್ವಲ್ಪ ಮಂಕು, ಖಡೇ ಬಜಾರಿನ ದಟ್ಟಣೆಯಲ್ಲಿ ಪೆಟ್ರೋಲ್ ಕುಡಿಯುವುದೂ ಹೆಚ್ಚು.

ನೆಲದಂತರ 179 ಮಿ.ಮೀ. ಇರುವುದರಿಂದ ಹಂಪ್‌ಗಳ ಚಿಂತೆ ನನಗಿಲ್ಲ. 2023ರಲ್ಲಿ ಅಪಘಾತದಲ್ಲಿ ಕಾರು ಎಷ್ಟು ಸುರಕ್ಷಿತವೆಂದು ಅಳೆಯುವ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಸ್ಲಾವಿಯಾ ಮತ್ತು ವೆರ್ನಾ ಎರಡಕ್ಕೂ ಐದು ನಕ್ಷತ್ರ ಬಂದಿವೆ. ಹಿಂದಿನ ಕೆಂಪು ದೀಪವಿಲ್ಲದ ಟ್ರೇಲರ್ ಕತ್ತಲಲ್ಲಿ ಒಮ್ಮೆಲೇ ಎದುರಾಗುವ ನಮ್ಮ ರಸ್ತೆಗಳಲ್ಲಿ ಇದನ್ನು ಹಗುರವಾಗಿ ಕಾಣಬಾರದು, ಆದರೂ ರಾತ್ರಿ ಪ್ರಯಾಣ ತಪ್ಪಿಸುವುದೇ ಲೇಸು. ದೋಷವನ್ನೂ ಹೇಳಬೇಕು: ಹಿಂದಿನ ಸೀಟಿನ ನಡುವೆ ನೆಲ ಎತ್ತರವಾಗಿ ಉಬ್ಬಿರುವುದರಿಂದ ಮೂರನೆಯವರಿಗೆ ಕಾಲಿಡಲು ಕಷ್ಟ. ತಮ್ಮಲ್ಲಿ ಇಬ್ಬರು ಮಕ್ಕಳು ಮತ್ತು ತಾಯಿಯವರು ಹಿಂದೆ ಕೂರುವವರಾದ್ದರಿಂದ ಇದನ್ನು ಗಮನಿಸಿ.

ಜಮಖಂಡಿ ಲೆಕ್ಕಿಗ:

ಮೂವರೂ ಬಿಟ್ಟಿರುವ ವಿಷಯ ತೆರಿಗೆ. ಸೆಪ್ಟೆಂಬರ್ 2025ರಿಂದ 4 ಮೀಟರಿನೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%; ತಾವು ಹೇಳಿದ ಮೂರೂ 4 ಮೀಟರಿಗಿಂತ ಉದ್ದವಾದ್ದರಿಂದ 40%. ಸ್ಲಾವಿಯಾದ ಎಂಜಿನ್ 1 ಲೀಟರಿನದೇ ಆದರೂ ಉದ್ದದ ಕಾರಣ ವಿನಾಯಿತಿ ಇಲ್ಲ. ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ 5ರಿಂದ 10 ಲಕ್ಷದವರೆಗೆ 14%, ಅದನ್ನು ದಾಟಿದರೆ 20 ಲಕ್ಷದವರೆಗೆ 17%, ಆ ತೆರಿಗೆಯ ಮೇಲೆ 11% ಸೆಸ್ ಬೇರೆ.

ಆದ್ದರಿಂದ 18%ರ ಗುಂಪಿಗೆ ಸೇರುವ ಮಾರುತಿ ಡಿಜೈರನ್ನೂ ಒಮ್ಮೆ ನೋಡಿ ಎನ್ನುತ್ತೇನೆ. ನವೆಂಬರ್ 2024ರಲ್ಲಿ ಬಂದ ಹೊಸ ಮಾದರಿಗೂ ಐದು ನಕ್ಷತ್ರಗಳಿವೆ. ಡಿಕ್ಕಿ 382 ಲೀಟರ್, ಸಿಟಿಯದು 506. ಸಿಎನ್‌ಜಿ ಬೇಡ, ಸಿಲಿಂಡರ್ ಡಿಕ್ಕಿಯನ್ನೇ ನುಂಗುತ್ತದೆ, ವರ್ಷಕ್ಕೆ 10,000 ಕಿ.ಮೀ. ಓಡುವವರಿಗೆ ಅದರ ಹೆಚ್ಚುವರಿ ಬೆಲೆ ಬೇಗ ಹುಟ್ಟುವುದೂ ಇಲ್ಲ. ಮೈಲೇಜಿನ ಬಗ್ಗೆಯೂ ಅತಿಯಾಗಿ ಯೋಚಿಸಬೇಡಿ: ಲೀಟರಿಗೆ 15 ಕಿ.ಮೀ. ಕೊಡುವ ಗಾಡಿಗೂ 20 ಕೊಡುವ ಗಾಡಿಗೂ ತಮ್ಮ ಓಡಾಟದಲ್ಲಿ ವರ್ಷಕ್ಕೆ ಸುಮಾರು 167 ಲೀಟರಿನ ಅಂತರ, ಅಷ್ಟೇ. (ಆ ಪೆಟ್ರೋಲಿನಲ್ಲಿ 20% ಎಥೆನಾಲ್, ನಮ್ಮ ಮುಧೋಳ ಸೀಮೆಯ ಕಬ್ಬಿನ ರಸವೂ ತುಸು ಇರಬಹುದು.)

ನವನಗರದ ಮಾಸ್ತರ:

ಮೂವರಿಗೂ ಕೃತಜ್ಞತೆಗಳು. ನಿನ್ನೆ ಅವ್ವನನ್ನು ಕರೆದುಕೊಂಡು ಹೋಗಿ ನಾಲ್ಕೂ ಗಾಡಿಗಳಲ್ಲಿ ಕೂರಿಸಿ ಇಳಿಸಿದೆ. ವೆರ್ನಾದ ಮಾಡು ಹಿಂದಕ್ಕೆ ಇಳಿಜಾರಾಗಿರುವುದರಿಂದ ಹತ್ತುವಾಗ ತಲೆ ಬಗ್ಗಿಸಬೇಕಾಯಿತು, ಅವರು ಎರಡನೆಯ ಸಲ ಹತ್ತಲು ಒಪ್ಪಲೇ ಇಲ್ಲ. ಸ್ಲಾವಿಯಾದ ನಡುವಣ ಉಬ್ಬಿನ ಬಗ್ಗೆ ಚಿಕ್ಕ ಮಗಳು ತಾನಾಗಿಯೇ ಗೊಣಗಿದಳು. ಡಿಜೈರಿನಲ್ಲಿ ಮೂವರು ಕುಳಿತಾಗ ಭುಜಕ್ಕೆ ಭುಜ ತಾಗಿತು. ಸಿಟಿಯ ಬಾಗಿಲು ಅಗಲವಾಗಿ ತೆರೆದದ್ದರಿಂದ ಅವ್ವ ಮೊದಲು ಕುಳಿತು, ಆಮೇಲೆ ಕಾಲುಗಳನ್ನು ಒಳಗೆ ತಂದುಕೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ.

ಕಬ್ಬಿನ ಟ್ರ್ಯಾಕ್ಟರ್ ದಾಟಲು ಮೂರನೆಯ ಗೇರಿಗೆ ಇಳಿಸುವುದನ್ನು ನಾನು ರೂಢಿಸಿಕೊಳ್ಳುತ್ತೇನೆ. ಉಳಿದಿರುವುದು ತಳದ ಅನುಮಾನವೊಂದೇ. ಭಾನುವಾರ ಐದೂ ಜನ ಕುಳಿತು ಕಲಾದಗಿಯವರೆಗೆ ಓಡಿಸಿ ನೋಡಲು ಶೋರೂಮಿನವರನ್ನು ಒಪ್ಪಿಸಿದ್ದೇನೆ. ಎಷ್ಟು ಹಂಪ್‌ಗಳಿಗೆ ತಾಕಿತು ಎಂಬುದನ್ನು ಬಂದು ಬರೆಯುತ್ತೇನೆ.